ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವೂ ಕುಟುಂಬದ ರಜಾದಿನವೂ

ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಬೃಂದಾವನ ಇವುಗಳಿಂದ ಪ್ರಸಿದ್ಧಿ ಪಡೆದ ಮೈಸೂರಿನಲ್ಲಿ, ಬಣ್ಣ ಬಳಿದು ನಿಲ್ಲಿಸಿರುವ ಕೆಲವು ಹಳೆಯ ಉಗಿಬಂಡಿಗಳನ್ನು ನೋಡಲು ಯಾರು ಹೋದಾರು ಎಂದು ಪರಸ್ಥಳದವರು ಕೇಳುವುದುಂಟು. ಯಾವುದಾದರೊಂದು ಭಾನುವಾರ, ಅಥವಾ ದಸರೆಯ ಬಿಡುವಿನಲ್ಲೊಂದು ದಿನ, ಕೃಷ್ಣರಾಜಸಾಗರ ರಸ್ತೆಯಲ್ಲಿ ಆಹಾರ ಸಂಶೋಧನಾಲಯದ ಎದುರಿಗೆ, ರೈಲ್ವೆ ನಿಲ್ದಾಣದ ಮಗ್ಗುಲಲ್ಲಿರುವ ಈ ಸಂಗ್ರಹಾಲಯದ ಬಾಗಿಲಲ್ಲಿ ಅರ್ಧ ಗಳಿಗೆ ನಿಂತರೆ ಆ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಅಜ್ಜಿಯ ಕೈಹಿಡಿದ ಮೊಮ್ಮಗ, ಬುತ್ತಿಯ ಚೀಲ ಹೊತ್ತ ತಾಯಿ, ನೀರಿನ ಬಾಟಲಿಗಳನ್ನು ಜೋಲಿಸಿಕೊಂಡ ತಂದೆ, ಹಳ್ಳಿಯಿಂದ ಬಂದ ನೆಂಟರು, ಹೀಗೆ ಆಬಾಲವೃದ್ಧರು ಒಂದೇ ಗುಂಪಾಗಿ ಒಳನಡೆಯುತ್ತಾರೆ. ಒಳಹೊಕ್ಕ ಕ್ಷಣದಲ್ಲೇ ಮಕ್ಕಳು ಹಿರಿಯರ ಕೈ ಬಿಡಿಸಿಕೊಂಡು ಇಂಜಿನಿನತ್ತ ಓಡುತ್ತಾರೆ. ಅಂಗಳವನ್ನು ಸುತ್ತುವ ಪುಟ್ಟ ರೈಲು ಅವರಿಗೆ ಮೊದಲ ಆಕರ್ಷಣೆ. ಅದರಲ್ಲಿ ಕುಳಿತ ಹಿರಿಯರ ಮುಖದಲ್ಲಿಯೂ ಮಕ್ಕಳಿಗಿಂತ ಕಡಿಮೆ ಸಂತೋಷ ಕಾಣುವುದಿಲ್ಲ.

ಪಾಶ್ಚಾತ್ಯ ದೇಶಗಳ ರೈಲ್ವೆ ಸಂಗ್ರಹಾಲಯಗಳಲ್ಲಿ ವಾರದ ಕೊನೆಯ ಎರಡು ದಿನಗಳನ್ನು ಕುಟುಂಬೋತ್ಸವವೆಂದು ಮೊದಲೇ ಸಾರಿ ಆಚರಿಸುವ ಪದ್ಧತಿಯಿದೆ. ಅಂದು ಹಳೆಯ ಇಂಜಿನುಗಳಿಗೆ ಬೆಂಕಿ ಹಾಕಿ ನಾಲ್ಕು ಹೆಜ್ಜೆ ಓಡಿಸುತ್ತಾರೆ. ನಿವೃತ್ತ ರೈಲ್ವೆ ನೌಕರರು ಸ್ವಇಚ್ಛೆಯಿಂದ ಬಂದು ಮಕ್ಕಳಿಗೆ ಒಂದೊಂದು ಭಾಗವನ್ನೂ ತೋರಿಸುತ್ತಾರೆ. ಮೈಸೂರಿನಲ್ಲಿ ಜನ ಸಾರುವವರಿಗಾಗಿ ಕಾಯುವುದಿಲ್ಲ. ಭಾನುವಾರ ಬಂದಿತೆಂದರೆ ಉತ್ಸವವನ್ನು ತಾವೇ ನೆರೆಸಿಕೊಳ್ಳುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಆ ಉತ್ಸವದ ಮುಖ್ಯ ಅಂಗವಾದ ನಿವೃತ್ತ ನೌಕರನ ಮಾತು ಮಾತ್ರ ಇಲ್ಲಿ ಕೇಳಿಬರುವುದು ಅಪರೂಪ. ಇಂಜಿನು ಉಳಿದಿದೆ, ಡಬ್ಬಿ ಉಳಿದಿದೆ, ಅವುಗಳ ಪಕ್ಕದಲ್ಲಿ ನಾಲ್ಕು ಸಾಲಿನ ಫಲಕವಿದೆ. ಅವನ್ನು ನಡೆಸಿದವರ ಬಾಯಿಂದ ಬರಬೇಕಾದ ತಿಳಿವಳಿಕೆಗೆ ಅಲ್ಲಿ ಎಡೆಯಿಲ್ಲ. ಶಾಲೆಯ ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಮನಸ್ಸುಮಾಡಿದರೆ ತುಂಬಿಕೊಡಬಹುದಾದ ಕೊರತೆಯಿದು; ಅದಕ್ಕೆ ಮುನ್ನ ಅಲ್ಲಿ ನೋಡಬೇಕಾದುದೇನು, ನೋಡಿದುದನ್ನು ಮಕ್ಕಳಿಗೆ ತಿಳಿಸುವ ಬಗೆ ಹೇಗೆ ಎಂಬುದನ್ನು ಕೊಂಚ ವಿವರವಾಗಿ ಅರಿಯುವುದು ಲೇಸು.

ಭಾರತೀಯ ರೈಲ್ವೆಯು ಈ ಸಂಗ್ರಹಾಲಯವನ್ನು ೧೯೭೯ರಲ್ಲಿ ಸ್ಥಾಪಿಸಿತು. ದೆಹಲಿಯ ಚಾಣಕ್ಯಪುರಿಯ ರಾಷ್ಟ್ರೀಯ ಸಂಗ್ರಹಾಲಯವು ಅದಕ್ಕೆ ಎರಡು ವರ್ಷ ಮುಂಚೆ, ೧೯೭೭ರಲ್ಲಿ ಆರಂಭವಾಗಿತ್ತು. ರಾಜಧಾನಿಯ ತರುವಾಯ ಆ ಗೌರವ ಮೈಸೂರಿಗೆ ಸಂದುದು ಆಕಸ್ಮಿಕವಲ್ಲ. ತನ್ನದೇ ಆದ ರೈಲ್ವೆಯನ್ನು ಕಟ್ಟಿ ನಡೆಸಿದ ಸಂಸ್ಥಾನಗಳಲ್ಲಿ ಮೈಸೂರು ಗಣ್ಯವಾದುದು. ಸ್ಥಾಪನೆಯ ಕಾಲಕ್ಕೆ ದಕ್ಷಿಣ ರೈಲ್ವೆಗೆ ಸೇರಿದ್ದ ಸಂಗ್ರಹಾಲಯವು ೨೦೦೩ರಿಂದೀಚೆಗೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ ಆಡಳಿತದಲ್ಲಿದೆ. ನವೀಕರಣಕ್ಕಾಗಿ ಕೆಲಕಾಲ ಮುಚ್ಚಿದ್ದು ೨೦೨೦ರಲ್ಲಿ ಮರಳಿ ತೆರೆಯಿತು.

ಒಳಗೆ ಹೋದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಶ್ರೀರಂಗ ಮಂಟಪವನ್ನು. ಅರಸುಮನೆತನದ ಎರಡು ಡಬ್ಬಿಗಳು ಅಲ್ಲಿವೆ. ಮಹಾರಾಣಿಯವರ ಸಲೂನು, ಅದಕ್ಕೆ ಹೊಂದಿಕೊಂಡ ಅಡುಗೆಯ ಮನೆ, ಊಟದ ಕೋಣೆ, ಸ್ನಾನಗೃಹ ಇವೆಲ್ಲ ೧೮೯೯ರ ಕಾಲದವು. ಮಂಚ, ಕನ್ನಡಿ, ಮರಗೆಲಸ ಇವುಗಳನ್ನು ಕಂಡು ಜನ ಬೆರಗಾಗುತ್ತಾರೆ, ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ, ಮುಂದಕ್ಕೆ ಸಾಗುತ್ತಾರೆ. ೧೮೯೯ ಎಂಬ ಆ ಅಂಕಿಯ ಮುಂದೆ ಕೊಂಚ ನಿಲ್ಲುವುದು ಒಳ್ಳೆಯದು. ಹತ್ತನೆಯ ಚಾಮರಾಜೇಂದ್ರ ಒಡೆಯರು ೧೮೯೪ರ ಡಿಸೆಂಬರಿನಲ್ಲಿ ಕಲಕತ್ತೆಯಲ್ಲಿ ಅಕಾಲಮರಣಕ್ಕೆ ತುತ್ತಾದಾಗ ಯುವರಾಜರಿಗೆ ಹತ್ತು ವರ್ಷ. ಅವರು ಪ್ರಾಪ್ತವಯಸ್ಕರಾಗಿ ನಾಲ್ವಡಿ ಕೃಷ್ಣರಾಜ ಒಡೆಯರೆಂಬ ಹೆಸರಿನಿಂದ ೧೯೦೨ರಲ್ಲಿ ಅಧಿಕಾರ ವಹಿಸಿಕೊಳ್ಳುವವರೆಗೆ ರಾಜ್ಯಭಾರ ನಡೆಸಿದವರು ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹಾಗಾಗಿ ೧೮೯೯ರಲ್ಲಿ ಈ ಸಂಸ್ಥಾನದ ಆಡಳಿತಸೂತ್ರ ಒಬ್ಬ ಸ್ತ್ರೀಯ ಕೈಯಲ್ಲಿತ್ತು. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಬೀರೂರಿನಿಂದ ಶಿವಮೊಗ್ಗೆಗೆ ರೈಲು ಹರಿದುದೂ ಅದೇ ವರ್ಷ. ಸಲೂನನ್ನು ಕೇವಲ ವಿಲಾಸದ ಕುರುಹೆಂದು ಕಂಡು ಬರುವ ಬಾಲಕಿಗೆ ಇಷ್ಟು ಹೇಳಿದರೆ ಅವಳು ಅದನ್ನು ಬೇರೆಯೇ ಕಣ್ಣಿನಿಂದ ನೋಡಿಯಾಳು. ಮೈಸೂರು ಮಹಾರಾಜರ ಇನ್ನೊಂದು ಸಲೂನು ದೆಹಲಿಯ ಸಂಗ್ರಹಾಲಯದಲ್ಲಿದೆ. ಅದು ಮರಳಿ ಮೈಸೂರಿಗೆ ಬರಬೇಕೆನ್ನುವುದು ಅಭಿಮಾನದ ಮಾತು. ದೂರದ ಜನ ಮೈಸೂರಿನ ಹೆಸರನ್ನು ಅದರಿಂದ ಕೇಳಿದರೆ ಅದೂ ಒಂದು ಲಾಭವೇ.

ಸಲೂನಿನಲ್ಲಿ ಕಾಣದ ಇನ್ನೊಂದು ಕಥೆ ಅದರ ಕೆಳಗೆ ಹಾಸಿರುವ ಕಂಬಿಯಲ್ಲಿದೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸೀಮೆಯನ್ನು ಭೀಕರ ಕ್ಷಾಮ ಕಾಡಿತು. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯ ವೇಳೆಗೆ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷದಷ್ಟು ಕುಗ್ಗಿತೆಂದರೆ ಎಷ್ಟು ಮನೆಗಳು ಬರಿದಾಗಿರಬೇಕು! ಹಸಿದವರಿಗೆ ಕೆಲಸ ಕೊಟ್ಟು ಕೂಲಿ ನೀಡಬೇಕೆಂಬ ಉದ್ದೇಶದಿಂದ ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಮುಖ್ಯವಾದುದು. ಬುಟ್ಟಿ ಹೊತ್ತು, ಏರಿ ಹಾಕಿ, ತಗ್ಗು ತುಂಬಿದವರ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಆ ದಾರಿಯ ಮೇಲೆ ೧೮೮೧ರಲ್ಲಿ ಬಂಡಿ ಓಡತೊಡಗಿ ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಒಟ್ಟು ೮೬ ಮೈಲಿ. ಈಗಿನ ಲೆಕ್ಕದಲ್ಲಿ ಸುಮಾರು ೧೩೮ ಕಿಲೋಮೀಟರು. ಬ್ರಿಟಿಷರಿಂದ ರಾಜ್ಯವು ಅರಸರಿಗೆ ಹಿಂದಿರುಗಿದುದು ೧೮೮೧ರ ಮಾರ್ಚಿಯಲ್ಲಿ. ಅಂದಿನ ದಿವಾನರು ರಂಗಾಚಾರ್ಲು. ಬೊಕ್ಕಸ ಬರಿದಾಗಿದ್ದ ಕಾಲದಲ್ಲಿ ಅವರು ಈ ದಾರಿಯನ್ನು ಅರ್ಧಕ್ಕೆ ಬಿಡದೆ ಮುಗಿಸಿದರು. ಇನ್ನೊಮ್ಮೆ ಬರ ಬಂದರೆ ಧಾನ್ಯ ಒಳನಾಡನ್ನು ಮುಟ್ಟಬೇಕಾದರೆ ಎತ್ತಿನಗಾಡಿಯೊಂದೇ ಸಾಲದೆಂಬುದನ್ನು ಆ ಎರಡು ವರ್ಷಗಳು ಎಲ್ಲರಿಗೂ ಕಲಿಸಿದ್ದವು.

೧೮೯೧ರಲ್ಲಿ ದಾರಿ ನಂಜನಗೂಡಿಗೆ ಬೆಳೆಯಿತು. ವಿದ್ಯಾರಣ್ಯಪುರಂ ನಿವಾಸಿಗಳು ದಿನವೂ ಕೇಳುವ ರೈಲಿನ ಕೂಗು ಈ ಹಾದಿಯದೇ. ನಂಜನಗೂಡಿನ ಕಪಿಲಾ ನದಿಯ ಮೇಲೆ ದಳವಾಯಿ ದೇವರಾಜಯ್ಯನವರು ೧೭೩೫ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯಿದೆ. ರೈಲು ಎಂಬುದನ್ನು ಲೋಕವೇ ಕಾಣದ ಕಾಲದಲ್ಲಿ, ಎತ್ತಿನಗಾಡಿಗೂ ಕುದುರೆಗೂ ಎಂದು ಕಟ್ಟಿದ ಆ ಸೇತುವೆಯ ಮೇಲೆಯೇ ಒಂದೂವರೆ ಶತಮಾನದ ಬಳಿಕ ಕಂಬಿ ಹಾಸಿದರು. ರಸ್ತೆಯೂ ರೈಲೂ ಅಕ್ಕಪಕ್ಕದಲ್ಲಿ ಅದರ ಮೇಲೆ ಸಾಗುತ್ತಿದ್ದವು. ದಾರಿಯನ್ನು ಅಗಲಗೊಳಿಸಿದಾಗ ಬೇರೆ ಸೇತುವೆ ಆಯಿತು. ಹಳೆಯದು ಇಂದಿಗೂ ನಿಂತಿದೆ. ಸಂಗ್ರಹಾಲಯವನ್ನು ಕಂಡ ಕುಟುಂಬ ಮತ್ತೊಂದು ರಜೆಯಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಹೋದಾಗ ಈ ಸೇತುವೆಯನ್ನೂ ನೋಡಿಬರಬೇಕು. ನಾಲ್ಕು ಗೋಡೆಯೊಳಗೆ ಇಡಲಾಗದ ರೈಲ್ವೆ ವಸ್ತುಗಳೂ ಇರುತ್ತವೆಂಬುದು ಮಕ್ಕಳಿಗೆ ಅಲ್ಲಿ ತಿಳಿಯುತ್ತದೆ.

ಇನ್ನು ಇಂಜಿನುಗಳ ವಿಷಯ. ಅಂಗಳದಲ್ಲಿರುವವುಗಳಲ್ಲಿ ಮೈಸೂರು ಸ್ಟೇಟ್ ರೈಲ್ವೆಗೆ ಸೇರಿದ್ದ ಇ.ಎಸ್. ವರ್ಗದ್ದೊಂದು, ಸ್ವಾತಂತ್ರ್ಯಾನಂತರದ ವೈ.ಪಿ. ವರ್ಗದ್ದೊಂದು. ಇಂಗ್ಲೆಂಡಿನ ಬ್ಯಾಗ್ನಾಲ್ ಕಂಪೆನಿಯ ಪುಟ್ಟ ಇಂಜಿನು ಮಕ್ಕಳ ಎತ್ತರಕ್ಕೆ ಹೇಳಿಮಾಡಿಸಿದಂತಿದೆ. ರಸ್ತೆಯ ಮೋಟಾರಿಗೆ ಕಬ್ಬಿಣದ ಚಕ್ರ ತೊಡಿಸಿದಂತಿರುವ ಆಸ್ಟಿನ್ ರೈಲುಕಾರು ಎಲ್ಲರನ್ನೂ ನಗಿಸುತ್ತದೆ. ಇವುಗಳ ಮೇಲೆ ಬರೆದಿರುವ ಅಕ್ಷರಗಳು ಒಗಟಿನಂತೆ ತೋರಿದರೂ ಬಿಡಿಸುವುದು ಕಷ್ಟವಲ್ಲ. ‘ವೈ’ ಎಂದರೆ ಮೀಟರುಗೇಜು, ‘ಪಿ’ ಎಂದರೆ ಪ್ರಯಾಣಿಕರ ಗಾಡಿಗೆ ಎಳೆಯಲು ನಿರ್ಮಿಸಿದ್ದು. ಸರಕಿನ ಗಾಡಿಯದಾದರೆ ‘ಜಿ’. ಅಗಲ ಹಳಿಯ ಇಂಜಿನಿಗೆ ‘ಡಬ್ಲ್ಯು’, ಕಿರಿದಾದ ಹಳಿಯದಕ್ಕೆ ‘ಜೆಡ್’. ೪-೬-೨ ಎಂಬ ಅಂಕಿಗಳು ಚಕ್ರಗಳ ಲೆಕ್ಕ: ಮುಂದೆ ದಾರಿ ತೋರುವ ಸಣ್ಣ ಚಕ್ರಗಳು ನಾಲ್ಕು, ನಡುವೆ ಬಲ ಹೊತ್ತು ತಿರುಗುವ ದೊಡ್ಡ ಚಕ್ರಗಳು ಆರು, ಹಿಂದೆ ಭಾರ ಹೊರುವವು ಎರಡು. ಎಣಿಸಿ ನೋಡೆಂದು ಮಗುವಿಗೆ ಹೇಳಿದರೆ ಅದು ಇಂಜಿನನ್ನು ಸುತ್ತಿ ಬರುತ್ತದೆ. ಎರಡೂ ಮಗ್ಗುಲು ಎಣಿಸದೆ ಲೆಕ್ಕ ತಪ್ಪಿದರೆ ಇನ್ನೊಂದು ಸುತ್ತು. ವೈ.ಪಿ. ವರ್ಗದ ಇಂಜಿನುಗಳು ೧೯೪೯ರಿಂದ ಮೊದಲ್ಗೊಂಡು ೧೯೭೦ರವರೆಗೆ ಎಂಟುನೂರಕ್ಕೂ ಮಿಗಿಲಾಗಿ ತಯಾರಾದವು. ಮೊದಲಿನವು ಪರದೇಶಗಳಿಂದ ಬಂದವು. ಅನಂತರ ಹೆಚ್ಚಿನವನ್ನು ಜಮ್ಷೆಡ್‌ಪುರದ ಟಾಟಾ ಕಾರ್ಖಾನೆಯಲ್ಲೇ ಮಾಡಿದರು.

ಕನ್ನಡದಲ್ಲಿ ಇದನ್ನು ಹೊಗೆಬಂಡಿಯೆಂದು ಕರೆದರು, ಸಂಸ್ಕೃತಾಭಿಮಾನಿಗಳು ಧೂಮಶಕಟವೆಂದರು. ಕಣ್ಣಿಗೆ ಬಿದ್ದುದನ್ನು ಹಿಡಿದು ಹೆಸರಿಟ್ಟದ್ದು ಸಹಜವೇ; ಆದರೆ ಬಂಡಿಯನ್ನು ಎಳೆಯುವುದು ಹೊಗೆಯಲ್ಲ, ಉಗಿ. ಉಗಿಬಂಡಿ ಎಂಬ ಮಾತೇ ಸರಿಯಾದುದು. ಹಾಗೆಂದು ಹೊಗೆಗೆ ಕೆಲಸವೇ ಇಲ್ಲವೆನ್ನುವಂತಿಲ್ಲ, ಮತ್ತು ಇಂಜಿನಿನ ಜಾಣ್ಮೆಯೆಲ್ಲ ಇಲ್ಲಿಯೇ ಇದೆ. ಇಂಜಿನಿನ ಹಿಂಭಾಗದಲ್ಲಿ ಬೆಂಕಿಯ ಗೂಡು. ಅಲ್ಲಿನ ಬಿಸಿಗಾಳಿ ಬಾಯ್ಲರಿನ ಉದ್ದಕ್ಕೂ ಇರುವ ನೂರಾರು ಕೊಳವೆಗಳ ಮೂಲಕ ಮುಂದಕ್ಕೆ ಹರಿಯುತ್ತದೆ. ಕೊಳವೆಗಳ ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ. ಆ ಉಗಿ ಮುಂಭಾಗದ ಎರಡು ಉರುಳೆಗಳಿಗೆ ನುಗ್ಗಿ ಒಳಗಿನ ಆಡುಬೆಣೆಯನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತಳ್ಳುತ್ತದೆ. ಆಡುಬೆಣೆಗೆ ಕೂಡಿದ ದಪ್ಪ ಉಕ್ಕಿನ ತೋಳು ಚಕ್ರವನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿಯನ್ನು ವ್ಯರ್ಥವಾಗಿ ಬಿಡದೆ ಹೊಗೆಗೊಳವೆಯ ಬುಡದಿಂದ ಮೇಲಕ್ಕೆ ರಭಸವಾಗಿ ಚಿಮ್ಮಿಸುತ್ತಾರೆ. ಅದು ಚಿಮ್ಮುವ ಭರದಲ್ಲಿ ಹೊಗೆಯನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಹೊಗೆ ಹೋದ ತಾವಿಗೆ ಹಿಂದಿನಿಂದ ಹೊಸ ಗಾಳಿ ಬೆಂಕಿಗೂಡಿನ ಮೂಲಕ ನುಗ್ಗುತ್ತದೆ. ಆದುದರಿಂದ ಇಂಜಿನು ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚಾಗಿ ಉರಿಯುತ್ತದೆ. ಕಮ್ಮಾರನ ತಿದಿಯನ್ನು ಬಂಡಿಯ ಓಟವೇ ಒತ್ತಿದಂತೆ! ಮಕ್ಕಳು ಆಟದಲ್ಲಿ ಅನುಕರಿಸುವ ‘ಚುಕುಬುಕು’ ಸದ್ದು ಈ ಚಿಮ್ಮುವಿಕೆಯ ಸದ್ದೇ ಹೊರತು ಬೇರೆಯಲ್ಲ. ಉರುಳೆಗಳು ಎರಡು, ಒಂದೊಂದಕ್ಕೂ ಎರಡೆರಡು ತಳ್ಳು. ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಸದ್ದು. ಉಗಿಯ ರೈಲನ್ನು ಕಣ್ಣಾರೆ ಕಾಣದ ಇಂದಿನ ಮಕ್ಕಳ ಬಾಯಲ್ಲಿಯೂ ಆ ಸದ್ದು ಉಳಿದುಬಂದಿರುವುದು ವಿಸ್ಮಯ.

ಇಷ್ಟನ್ನು ಪುಸ್ತಕ ಓದಿದ ಯಾರಾದರೂ ಹೇಳಿಯಾರು. ಪುಸ್ತಕದಲ್ಲಿ ಸಿಗದುದು ಬೇರೆ. ಸಲಿಕೆಯಷ್ಟು ಕಲ್ಲಿದ್ದಲನ್ನು ಗೂಡಿನ ಯಾವ ಮೂಲೆಗೆ ಎಸೆಯಬೇಕು, ಬೆಂಕಿಯ ಬಣ್ಣ ಕೆಂಪಿಗೆ ತಿರುಗಿದರೆ ಏನು, ಬಿಳಿಗೆ ತಿರುಗಿದರೆ ಏನು, ಏರು ಬರುವ ಮುನ್ನ ಎಷ್ಟು ಹೊತ್ತಿಗೆ ಉಗಿಯನ್ನು ಸಿದ್ಧಪಡಿಸಿಕೊಳ್ಳಬೇಕು, ಮಳೆಗೆ ಕಂಬಿ ಜಾರಿದಾಗ ಮರಳನ್ನು ಎಷ್ಟು ಬಿಡಬೇಕು, ಇವೆಲ್ಲ ಫೈರ್‌ಮನ್ನನ ಕಣ್ಣು, ಕೈ, ಕಿವಿಗಳಲ್ಲಿದ್ದ ವಿದ್ಯೆ. ಬಾಯ್ಲರಿನ ನೀರು ಬೆಂಕಿಗೂಡಿನ ನೆತ್ತಿಗಿಂತ ಕೆಳಗಿಳಿದರೆ ಅನಾಹುತವೇ ಸರಿ. ಅದಕ್ಕಾಗಿ ನೆತ್ತಿಯ ತಗಡಿನಲ್ಲಿ ಸೀಸ ತುಂಬಿದ ಬಿರಡೆಯೊಂದನ್ನು ಕೂರಿಸಿರುತ್ತಾರೆ. ನೀರು ಬತ್ತಿದರೆ ಸೀಸ ಕರಗಿ, ಉಗಿ ಒಳನುಗ್ಗಿ ಬೆಂಕಿಯನ್ನು ಅಡಗಿಸುತ್ತದೆ. ಪ್ರಾಣ ಉಳಿಯುತ್ತದೆ, ಗಾಡಿ ನಿಲ್ಲುತ್ತದೆ, ನಿಲ್ಲಿಸಿದವನಿಗೆ ಮೇಲಧಿಕಾರಿಗಳ ಮುಂದೆ ಉತ್ತರ ಹೇಳುವ ಪಾಡು. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟದ ಮೇಲೆ ಒಂದು ಕಣ್ಣಿಟ್ಟು ಹಗಲಿರುಳು ಸಲಿಕೆ ಆಡಿಸಿದವರ ಕಾಯಕವನ್ನು, ತಣ್ಣಗೆ ನಿಂತ ಇಂಜಿನಿನ ಮುಂದೆ ನಿಂತವರು ಊಹಿಸಿಕೊಳ್ಳುವುದು ಕಷ್ಟ.

ಹಳಿಯ ಅಗಲದ ಪಾಠಕ್ಕೆ ಮಾತ್ರ ಯಾರ ನೆರವೂ ಬೇಡ. ಶಾಲೆಯಲ್ಲಿ ಬಟ್ಟೆಯ ಅಂಗಡಿಯಲ್ಲಿರುವಂಥ ಒಂದು ಮೀಟರಿನ ಅಳತೆಗೋಲು ಇರುತ್ತದಷ್ಟೆ. ಅದನ್ನು ಕೊಂಡೊಯ್ದು ವೈ.ಪಿ. ಇಂಜಿನಿನ ಮುಂದಿನ ಎರಡು ಕಂಬಿಗಳ ಒಳಮೈಗಳ ನಡುವೆ ಅಡ್ಡಲಾಗಿ ಇಟ್ಟರೆ ಸರಿಯಾಗಿ ಕೂರುತ್ತದೆ. ಆ ೧,೦೦೦ ಮಿಲಿಮೀಟರೇ ಮೀಟರುಗೇಜು. ಪಕ್ಕದ ನಿಲ್ದಾಣದಲ್ಲಿ ಇಂದು ಓಡುವ ಗಾಡಿಗಳ ಹಳಿ ೧,೬೭೬ ಮಿಲಿಮೀಟರು. ಖರ್ಚು ಕಡಿಮೆಯಾಗಲೆಂದು ೧೮೭೦ರಲ್ಲಿ ಲಾರ್ಡ್ ಮೇಯೋ ಕಾಲದ ಸರ್ಕಾರ ಕಿರಿಯ ಅಳತೆಯನ್ನು ಆರಿಸಿತು. ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರಿಗೆ ೧೮೬೪ರಲ್ಲೇ ಬಂದಿದ್ದ ದಾರಿ ಅಗಲವಾದುದು. ಮೈಸೂರಿನ ದಾರಿ ಕಿರಿದು. ಬೆಂಗಳೂರಿನಲ್ಲಿ ಎರಡೂ ಎದುರುಬದುರಾದವು, ಕೂಡಲಿಲ್ಲ. ಒಂದು ಗಾಡಿಯ ಮೂಟೆಯನ್ನು ಇಳಿಸಿ ಇನ್ನೊಂದಕ್ಕೆ ಹೇರುವ ಕೂಲಿಗಳ ಬೆನ್ನೇ ಅವೆರಡರ ನಡುವಿನ ಸೇತುವೆಯಾಯಿತು. ಬೆಂಗಳೂರು–ಮೈಸೂರು ದಾರಿ ಅಗಲವಾದುದು ೧೯೯೩ರಲ್ಲಿ. ಉಳಿತಾಯವೆಂದು ಮಾಡಿದ ಒಂದು ತೀರ್ಮಾನದ ಬೆಲೆಯನ್ನು ನೂರಹನ್ನೊಂದು ವರ್ಷ ತೆತ್ತ ಈ ಲೆಕ್ಕ, ಗಣಿತದ ಉಪಾಧ್ಯಾಯರಿಗೂ ಚರಿತ್ರೆಯ ಉಪಾಧ್ಯಾಯರಿಗೂ ಸಮಾನವಾಗಿ ಉಪಯುಕ್ತ.

ಅಂಗಳದ ಕೈಮರಗಳನ್ನು ಮಕ್ಕಳು ಆಟದ ವಸ್ತುವೆಂದೇ ಬಗೆಯುತ್ತಾರೆ. ದಾರಿಹೋಕರಿಗೆ ಊರು ತೋರಿಸುವ ಕಂಬಕ್ಕೆ ಕನ್ನಡದಲ್ಲಿದ್ದ ಹೆಸರನ್ನೇ ಜನ ರೈಲಿನ ಈ ಕಂಬಕ್ಕೂ ಇಟ್ಟರು. ಯಾವ ಸಮಿತಿಯೂ ಕೂತು ರಚಿಸಿದ ಪದವಲ್ಲ. ತೋಳು ಅಡ್ಡಲಾಗಿ ನಿಂತರೆ ‘ನಿಲ್ಲು’, ಇಳಿದರೆ ‘ಬಾ’. ತಂತಿ ಹರಿದುಹೋದರೆ ತೋಳು ತಾನಾಗಿ ಅಡ್ಡವಾಗುವಂತೆ ಭಾರವನ್ನು ಕಟ್ಟಿರುತ್ತಾರೆ. ಕೆಟ್ಟರೂ ಅಪಾಯದ ಕಡೆಗೆ ಕೆಡಬಾರದೆಂಬ ಎಚ್ಚರವದು. ಒಂಟಿಹಳಿಯ ದಾರಿಯಲ್ಲಿ ಎದುರುಬದುರು ಗಾಡಿ ಬರದಂತೆ ತಡೆಯುವ ಉಪಾಯ ಇನ್ನೂ ಸರಳ. ಎರಡು ನಿಲ್ದಾಣಗಳ ಪೆಟ್ಟಿಗೆಗಳನ್ನು ತಂತಿಯಿಂದ ಬೆಸೆದಿದ್ದರು. ಒಂದು ಲೋಹದ ಗುಂಡು ಹೊರಬಂದರೆ, ಅದು ಮರಳಿ ಪೆಟ್ಟಿಗೆ ಸೇರುವವರೆಗೆ ಇನ್ನೊಂದು ಹೊರಬರುತ್ತಿರಲಿಲ್ಲ. ಆ ಗುಂಡನ್ನು ಬೆತ್ತದ ಬಳೆಯ ಚೀಲದಲ್ಲಿಟ್ಟು ಓಡುವ ಇಂಜಿನಿನವರಿಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿದ್ದವನಿಗೇ ದಾರಿ. ಇದನ್ನು ಓಟದಲ್ಲೇ ಹಿಡಿದವರ ತೋಳಿನ ಗುರುತುಗಳನ್ನು ಅವರ ಮೊಮ್ಮಕ್ಕಳು ಕಂಡಿರಬಹುದು.

ಅವರೆಲ್ಲಿದ್ದಾರೆ? ದೂರದಲ್ಲಿಲ್ಲ. ವಿದ್ಯಾರಣ್ಯಪುರಕ್ಕೆ ಸಮೀಪದ ಅಶೋಕಪುರಂನಲ್ಲಿ, ಮಾನಂದವಾಡಿ ರಸ್ತೆಯ ಅಂಚಿನಲ್ಲಿ, ೧೯೨೪ರಲ್ಲಿ ಸಂಸ್ಥಾನದ ಕಾಲದಲ್ಲೇ ಸ್ಥಾಪಿತವಾದ ರೈಲ್ವೆ ಕಾರ್ಯಾಗಾರವಿದೆ. ಮೀಟರುಗೇಜಿನ ಇಂಜಿನುಗಳೂ ಡಬ್ಬಿಗಳೂ ಅಲ್ಲಿ ಬಿಚ್ಚಿ ಶುದ್ಧಿಯಾಗಿ ಹೊಸದಾಗಿ ಹೊರಟವು. ಸಂಸ್ಥಾನದ ರೈಲ್ವೆ ೧೯೫೦ರಲ್ಲಿ ಕೇಂದ್ರಕ್ಕೆ ಸೇರಿ, ೧೯೫೧ರಲ್ಲಿ ದಕ್ಷಿಣ ರೈಲ್ವೆಯ ಭಾಗವಾದ ಮೇಲೂ ಕಾರ್ಯಾಗಾರ ನಿಲ್ಲಲಿಲ್ಲ. ಅಗಲ ಹಳಿ ಬಂದ ಮೇಲೆ ಆ ಹಳಿಯ ಡಬ್ಬಿಗಳನ್ನು ಕೈಗೆತ್ತಿಕೊಂಡಿತು. ಸುತ್ತಣ ಬಡಾವಣೆಗಳಲ್ಲಿ ಅಲ್ಲಿ ದುಡಿದವರ ಮನೆಗಳಿವೆ. ಶಾಲೆಗೆ ಬರುವ ಮಕ್ಕಳಲ್ಲಿ ಕೆಲವರ ತಾತಂದಿರು ಬಾಯ್ಲರಿನೊಳಗೆ ತೂರಿ ಮೊಳೆ ಬಡಿದವರಾಗಿದ್ದರೆ ಆಶ್ಚರ್ಯವಿಲ್ಲ. ಕಾಲ ಮಾತ್ರ ಕಾಯುತ್ತಿಲ್ಲ. ಉಗಿಯ ಇಂಜಿನುಗಳ ನಿತ್ಯದ ಓಟ ೧೯೯೦ರ ದಶಕದಲ್ಲಿ ದೇಶದಲ್ಲೆಲ್ಲ ಮುಗಿಯಿತು. ೧೯೯೦ರಲ್ಲಿ ಇಪ್ಪತ್ತೈದರ ಪ್ರಾಯದಲ್ಲಿ ಸಲಿಕೆ ಹಿಡಿದಿದ್ದ ಫೈರ್‌ಮನ್ ಇಂದು ಅರವತ್ತನ್ನು ಮುಟ್ಟಿದ್ದಾನೆ. ಆತನಿಗೆ ಕೆಲಸ ಕಲಿಸಿದ ಡ್ರೈವರುಗಳು ಬದುಕಿದ್ದರೆ ಎಂಬತ್ತರ ಆಸುಪಾಸು. ಇನ್ನು ಹತ್ತು ಹದಿನೈದು ವರ್ಷ ಕಳೆದರೆ ವೈ.ಪಿ. ಇಂಜಿನಿನ ಮುಂದೆ ನಿಂತು ‘ಇದನ್ನು ನಾನು ಓಡಿಸಿದ್ದೆ’ ಎನ್ನುವವರು ಮೈಸೂರಿನಲ್ಲಿ ಬೆರಳೆಣಿಕೆಗೂ ಸಿಗಲಾರರು.

ಅವರೊಡನೆ ಹೋಗುವುದು ವಿದ್ಯೆಯಷ್ಟೇ ಅಲ್ಲ, ಮಾತೂ ಹೋಗುತ್ತದೆ. ಕಾರ್ಯಾಗಾರದ ಕನ್ನಡವೆಂಬುದು ಒಂದು ಪ್ರತ್ಯೇಕ ಕನ್ನಡ. ಇಂಗ್ಲಿಷು, ತಮಿಳು, ಉರ್ದು ಎಲ್ಲದರಿಂದಲೂ ಎರವಲು ಪಡೆದು, ಕನ್ನಡದ ಪ್ರತ್ಯಯ ಹಚ್ಚಿ, ತನ್ನದಾಗಿಸಿಕೊಂಡದ್ದು. ‘ಶಂಟಿಂಗು’, ‘ಪಾಯಿಂಟು’, ‘ಗ್ಯಾಂಗು’ ಮೊದಲಾದ ಕೆಲವು ಊರಮಾತಿಗೂ ಬಂದಿವೆ. ಒಂದೊಂದು ಬೋಲ್ಟಿಗೂ ಒಂದೊಂದು ಹತ್ಯಾರಿಗೂ ಅವರಿಟ್ಟ ಹೆಸರುಗಳಲ್ಲಿ ಎಷ್ಟೋ ಯಾವ ನಿಘಂಟಿಗೂ ಸೇರಿಲ್ಲ. ವಿದ್ವಾಂಸರು ಶಾಸನಗಳ ಅಳಿದ ಅಕ್ಷರಕ್ಕಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಜೀವಂತವಿರುವ ಬಾಯಿಂದ ಬರುವ ಪದ ಪಕ್ಕದ ಬೀದಿಯಲ್ಲೇ ಇದ್ದರೂ ಕೇಳಹೋಗುವುದಿಲ್ಲ.

ಆದಕಾರಣ ರಜಾದಿನದ ಈ ಯಾತ್ರೆಗೆ ಶಾಲೆಯ ವತಿಯಿಂದ ಒಂದು ರೂಪ ಕೊಡಬಹುದು. ವರ್ಷಕ್ಕೆ ಒಂದೆರಡು ಭಾನುವಾರ ಸಾಕು. ಮಕ್ಕಳು ತಂದೆತಾಯಿಗಳೊಡನೆ ಬರಲಿ. ಹಳೆಯ ವಿದ್ಯಾರ್ಥಿಗಳಲ್ಲಿ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರಿದ್ದರೆ ಅವರನ್ನು ಗೌರವದಿಂದ ಕರೆತರಲಿ, ಇಲ್ಲವೇ ನೆರೆಹೊರೆಯ ಹಿರಿಯರನ್ನು ಹುಡುಕಲಿ. ಭಾಷಣ ಬೇಡ, ಹಾರ ಬೇಡ. ಇಂಜಿನಿನ ನೆರಳಿನಲ್ಲಿ ಒಂದು ಕುರ್ಚಿ ಹಾಕಿ ಅವರನ್ನು ಕೂರಿಸಿ, ಮಕ್ಕಳು ಪ್ರಶ್ನೆ ಕೇಳಬೇಕು. ‘ಮೊದಲ ದಿನ ಏನು ಕೆಲಸ ಕೊಟ್ಟರು? ಊಟವನ್ನು ಎಲ್ಲಿ ಬಿಸಿಮಾಡಿಕೊಳ್ಳುತ್ತಿದ್ದಿರಿ? ರಾತ್ರಿಯ ಪಾಳಿಯಲ್ಲಿ ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ? ಇದಕ್ಕೆ ನೀವು ಏನೆಂದು ಕರೆಯುತ್ತಿದ್ದಿರಿ?’ ಈ ಬಗೆಯ ಪ್ರಶ್ನೆಗಳಿಗೆ ಬರುವ ಉತ್ತರ, ‘ರೈಲ್ವೆಯ ಮಹತ್ತ್ವವನ್ನು ಕುರಿತು ಹೇಳಿ’ ಎಂದರೆ ಬರುವುದಿಲ್ಲ. ಉತ್ತರವನ್ನು ಅವರ ಮಾತಿನಲ್ಲೇ, ತಿದ್ದದೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಹೇಳಿದವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡರೆ ಇನ್ನೂ ಮೇಲು. ಆ ಪುಸ್ತಕದ ಒಂದು ಪ್ರತಿ ಶಾಲೆಯ ಗ್ರಂಥಾಲಯದಲ್ಲಿರಲಿ, ಇನ್ನೊಂದನ್ನು ಸಂಗ್ರಹಾಲಯಕ್ಕೆ ಒಪ್ಪಿಸಲಿ. ದಾನಿಗಳು ಇದಕ್ಕೆ ಕೊಡಬೇಕಾದುದು ಹೆಚ್ಚೇನೂ ಅಲ್ಲ: ಒಂದು ಬಸ್ಸಿನ ಬಾಡಿಗೆ, ಪ್ರವೇಶದ ಶುಲ್ಕ, ಬಡಮಕ್ಕಳಿಗೂ ಅವರ ಮನೆಯವರಿಗೂ ಮಧ್ಯಾಹ್ನದ ಊಟ. ಕಟ್ಟಡಕ್ಕೆ ಕಲ್ಲು ಹಾಕಿಸುವ ಹಿಗ್ಗು ಇದರಲ್ಲಿ ಇಲ್ಲದಿರಬಹುದು.

ಇಂಥ ಕೆಲಸ ಬೇರೆಡೆ ಬೇರೆ ಬೇರೆ ರೀತಿಗಳಲ್ಲಿ ನಡೆದಿದೆ. ೧೮೫೫ರಲ್ಲಿ ತಯಾರಾದ ಫೇರಿ ಕ್ವೀನ್ ಎಂಬ ಇಂಜಿನನ್ನು ಸಂಗ್ರಹಾಲಯದಿಂದ ಹೊರತೆಗೆದು ೧೯೯೭ರಲ್ಲಿ ದೆಹಲಿಯಿಂದ ಆಳ್ವಾರಿಗೆ ಓಡಿಸಿದರು. ಅದು ಸಾಧ್ಯವಾದದ್ದು ಹಳೆಯ ಕೆಲಸ ಬಲ್ಲ ಕೈಗಳು ಆಗಿನ್ನೂ ಇದ್ದುದರಿಂದ. ಹುಬ್ಬಳ್ಳಿಯಲ್ಲಿ ೨೦೨೦ರಲ್ಲಿ ಇನ್ನೊಂದು ರೈಲ್ವೆ ಸಂಗ್ರಹಾಲಯ ತೆರೆಯಿತು. ಶಂಕರನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಯಲ್ಲಿ ಕಾಣುವ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡವನ್ನೂ ಮೈಸೂರು ವಿಭಾಗದವರು ಮಾಲ್ಗುಡಿಯ ಹೆಸರಿನಲ್ಲಿ ಸಂಗ್ರಹಾಲಯವಾಗಿ ಮಾರ್ಪಡಿಸಿದ್ದಾರೆ. ಕತೆಯಲ್ಲಿನ ಊರಿಗೆ ನಿಜವಾದ ನಿಲ್ದಾಣ ದೊರೆತ ಈ ಚಮತ್ಕಾರಕ್ಕೆ ಆರ್. ಕೆ. ನಾರಾಯಣರು ಇದ್ದಿದ್ದರೆ ನಕ್ಕಾರು.

ಮೈಸೂರಿನ ಸಂಗ್ರಹಾಲಯಕ್ಕೆ ಹೋಗುವವರು ತೆರೆದಿರುವ ವೇಳೆಯನ್ನೂ ವಾರದ ರಜೆಯನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಬಿಸಿಲಿನ ತಿಂಗಳುಗಳಲ್ಲಿ ಮಧ್ಯಾಹ್ನ ಇಂಜಿನುಗಳ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತದೆ. ಬೆಳಗಿನ ಹೊತ್ತು ಮೇಲು. ಮೊದಲು ಚಾಮುಂಡಿ ಗ್ಯಾಲರಿಯ ಚಿತ್ರಗಳನ್ನೂ ಛಾಯಾಚಿತ್ರಗಳನ್ನೂ ನೋಡಿ ಆಮೇಲೆ ಅಂಗಳಕ್ಕೆ ಇಳಿದರೆ ಕಾಲಕ್ರಮ ತಿಳಿಯುತ್ತದೆ, ಆದರೆ ಆ ಕ್ರಮಕ್ಕೆ ಮಕ್ಕಳು ಒಪ್ಪುವುದು ಕಷ್ಟ. ವಿದ್ಯಾರಣ್ಯಪುರದವರು ಮರಳುವಾಗ ಬಸ್ಸನ್ನೇ ನೆಚ್ಚಬೇಕಿಲ್ಲ. ಪಕ್ಕದ ನಿಲ್ದಾಣದಲ್ಲಿ ಚಾಮರಾಜನಗರದ ಗಾಡಿ ಹತ್ತಿದರೆ ಚಾಮರಾಜಪುರಂ, ಅನಂತರ ಅಶೋಕಪುರಂ. ಅಲ್ಲಿಳಿದರೆ ಕಾರ್ಯಾಗಾರ ಹತ್ತಿರವೇ ಇದೆ. ಅದರ ಆಚೆಗಿನ ಬೀದಿಗಳಲ್ಲಿ ಯಾವ ಮನೆಯ ಜಗಲಿಯ ಮೇಲೆ ಯಾವ ಹಿರಿಯರು ಕುಳಿತಿರುತ್ತಾರೆಂಬುದು ಮಕ್ಕಳಿಗೆ ಉಪಾಧ್ಯಾಯರಿಗಿಂತ ಚೆನ್ನಾಗಿ ಗೊತ್ತು.